ಬಿಳಿಚೀಟಿಯ ಮೂವತ್ತೊಂಬತ್ತನೆಯ ದಿನ

ಗದಗ,
ಫೆಬ್ರವರಿ 30, 2241,
ಮಧ್ಯಾಹ್ನ ಎರಡು ಗಂಟೆ.

ಕನ್ನಡಕದ ಅಂಗಡಿಯ ಶ್ರೀ ಗುರುಶಾಂತಪ್ಪ ಅಸೂಟಿಯವರಿಗೆ,

ತಾರೀಖು ತಪ್ಪಾಗಿಲ್ಲ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ಅದೊಂದನ್ನೇ ಇಷ್ಟು ಶತಮಾನ ಕುಳ್ಳಗೆ ಇಟ್ಟಿದ್ದು ಸಾಕು ಎಂದು ಜುಲೈ, ಆಗಸ್ಟ್‌ಗಳಿಂದ ಒಂದೊಂದು ದಿನ ಕಿತ್ತು ಅದಕ್ಕೆ ಕೊಟ್ಟರು. ಜುಲೈ ಇನ್ನೂ ಮುನಿಸಿಕೊಂಡಿದೆ, ಮಳೆ ಸರಿಯಾಗಿ ಸುರಿಸುವುದಿಲ್ಲ. ಮುಂದೆ ಬರುವ ಕೆಲವು ಮಾತುಗಳೂ ನಿಮಗೆ ಈ ತಾರೀಖಿನಷ್ಟೇ ವಿಚಿತ್ರವಾಗಿ ಕಂಡಾವು, ಕ್ಷಮೆಯಿರಲಿ. ಸಿಕ್ಕಾದದ್ದನ್ನು ಅಲ್ಲಲ್ಲೇ ಬಿಡಿಸಿ ಹೇಳುತ್ತ ಹೋಗುತ್ತೇನೆ. ನಿಮ್ಮ ಕಾಲದ ಕನ್ನಡ ನನಗೆ ಹೊಸದಲ್ಲ. ಇನ್ನೂರು ವರ್ಷದ ಹಿಂದಿನವರು ಬರೆದದ್ದನ್ನು ಓದುವುದೇ ನನ್ನ ನೌಕರಿ.

ನನ್ನ ಹೆಸರು ಅಂದಾನಪ್ಪ ಹೊಂಬಳ. ವಯಸ್ಸು ನಲವತ್ತಾರು. ಗದಗಿನ ಜರಡಿ ಕಚೇರಿಯಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದೇನೆ. ಜರಡಿ ಎಂದರೆ ಹಿಟ್ಟಿನದಲ್ಲ, ಮಾತಿನದು. ಯಾರು ಏನು ಬರೆದರೂ, ಅದು ಅಂಗಡಿಯ ಬೋರ್ಡಾಗಲಿ, ಬೀಗರಿಗೆ ಬರೆದ ಕಾಗದವಾಗಲಿ, ಮೊದಲು ನಮ್ಮಲ್ಲಿಗೆ ತರಬೇಕು. ನಾವು ಅದನ್ನು ಯಂತ್ರದ ಮೇಲ್ಬಾಯಿಗೆ ಸುರಿಯುತ್ತೇವೆ. ನಿಮ್ಮ ಕಾಲದಿಂದ ಇಲ್ಲಿಯವರೆಗೆ ಅಂತರ್ಜಾಲದಲ್ಲಿ ಯಾರಾದರೂ ಬರೆದಿದ್ದ ಮಾತಾದರೆ ಅದು ಮೇಲೆಯೇ ನಿಲ್ಲುತ್ತದೆ. ಯಾರೂ ಬರೆಯದ ಮಾತಾದರೆ ಕೆಳಗಿನ ತಟ್ಟೆಗೆ ಬೀಳುತ್ತದೆ. ಮೇಲೆ ನಿಂತ ಪ್ರತಿ ಮಾತಿಗೂ ಅದನ್ನು ಹಿಂದೆ ಬರೆದವರ ಹೆಸರು, ಊರು ಹುಡುಕಿ, ಪಟ್ಟಿ ಮಾಡಿ, ಬರಹದ ಜೊತೆ ಹೊಲಿದು ಕೊಡುತ್ತೇವೆ. ಅದಕ್ಕೆ ಬೇರುಪಟ್ಟಿ ಎನ್ನುತ್ತಾರೆ. ಬೇರುಪಟ್ಟಿ ಇಲ್ಲದ ಕಾಗದವನ್ನು ಅಂಚೆಯವರು ಕೈಯಿಂದ ಮುಟ್ಟುವುದಿಲ್ಲ. ಇನ್ನು ಕೆಳಗಿನ ತಟ್ಟೆಯನ್ನು ಹತ್ತೊಂಬತ್ತು ವರ್ಷದಲ್ಲಿ ನಾನು ಒರೆಸಿದ್ದು ಧೂಳು ಕೂತಿತೆಂದೇ ಹೊರತು ಮಾತು ಬಿತ್ತೆಂದಲ್ಲ.

ಇದೆಲ್ಲ ಯಾಕೆ ಬಂತು ಎಂದು ನೀವು ಕೇಳಬಹುದು. ನಿಮ್ಮ ನಂತರ ಮೂರು ತಲೆಮಾರು ಕಳೆಯುವುದರೊಳಗೆ ಯಾರ ಮಾತು ಯಾರದು ಎಂಬುದೇ ಗೊತ್ತಾಗದಂತಾಯಿತು. ಜನರಿಂದ ಯಂತ್ರ ಎತ್ತಿತು, ಯಂತ್ರದಿಂದ ಜನ ಎತ್ತಿದರು, ಕೊನೆಗೆ ಯಂತ್ರವೇ ಯಂತ್ರದಿಂದ ಎತ್ತಿ ಕೆಳಗೆ ಜನರ ಹೆಸರು ಹಾಕಿತು. ಆಗ ಹಿರಿಯರು ರೊಚ್ಚಿಗೆದ್ದು ಜರಡಿ ತಂದರು. ಈಗ ನಮ್ಮಲ್ಲಿ ಲಗ್ನಪತ್ರಿಕೆ ಒಂದು ಪುಟ, ಅದರ ಬೇರುಪಟ್ಟಿ ಎಂಬತ್ತು ಪುಟ. ‘ತಮ್ಮ ಆಗಮನವೇ ನಮಗೆ ಉಡುಗೊರೆ’ ಎಂದು ಒಬ್ಬ ವರನ ತಂದೆ ಹಟ ಹಿಡಿದು ಹಾಕಿಸಿದ. ಬೇರುಪಟ್ಟಿಯನ್ನು ಎತ್ತಿನ ಗಾಡಿಯಲ್ಲಿ ತರಬೇಕಾಯಿತು, ಬೀಗರು ವರದಕ್ಷಿಣೆ ಸಾಮಾನು ಬಂತೆಂದು ಎದ್ದು ನಿಂತರು. ಖಾನಾವಳಿಗಳ ಬೋರ್ಡಿನ ಮೇಲೆ ಈಗ ‘ಶುಚಿ, ರುಚಿ’ ಕಾಣುವುದಿಲ್ಲ. ಬರೀ ಒಂದು ರೊಟ್ಟಿಯ ಚಿತ್ರ. ಸತ್ತವರ ಮನೆಗೆ ಯಾರೂ ಸಂತಾಪ ಬರೆದು ಕಳಿಸುವುದಿಲ್ಲ, ಹೋಗಿ ಕೈ ಹಿಡಿದು ಕೂರುತ್ತಾರೆ. ಇದೊಂದು ಮಾತ್ರ ಒಳ್ಳೆಯದಾಯಿತು ಎಂದು ನನಗೆ ಅನಿಸುತ್ತದೆ. ಬಾಯಿಗೆ ಜರಡಿ ಇಲ್ಲ, ಅದೇ ನಮ್ಮ ಪುಣ್ಯ. ಮಾತಾಡುವಾಗ ಯಾರ ಮಾತನ್ನು ಯಾರು ಬೇಕಾದರೂ ಆಡಬಹುದು. ಹೀಗಾಗಿ ನಮ್ಮ ಊರು ಚಹಾದಂಗಡಿಯಲ್ಲಿ ಗದ್ದಲ, ಕಾಗದದ ಮೇಲೆ ಮೌನ.

ಈಗ ನನ್ನ ಸಂಕಟಕ್ಕೆ ಬರುತ್ತೇನೆ. ನನಗೆ ಪ್ರಾಸದ ಹುಚ್ಚು. ಸಣ್ಣಂದಿನಿಂದ ಎರಡೆರಡು ಸಾಲು ಜೋಡಿಸುತ್ತ ಬಂದವನು. ಜರಡಿ ಕಚೇರಿಗೆ ಸೇರಿದ್ದೂ ಕಚೇರಿಯವರು ಸ್ವಂತ ಬರಹ ಸುರಿದು ನೋಡಲು ಸರದಿ ಕಾಯಬೇಕಿಲ್ಲ ಎಂಬ ಆಸೆಯಿಂದಲೇ. ಆದರೆ ಪ್ರಾಸ ಎಂಬುದು ಇಡೀ ಕನ್ನಡದಲ್ಲಿ ಎಲ್ಲಕ್ಕಿಂತ ಹೆಚ್ಚು ಎಂಜಲಾದ ಪದಾರ್ಥ ಸ್ವಾಮಿ. ಮಳೆ ಎಂದರೆ ಇಳೆ ಎದ್ದು ಬರುತ್ತದೆ, ಇಳೆಯ ಹಿಂದೆ ಬೆಳೆ, ಬೆಳೆಯ ಹಿಂದೆ ನಲವತ್ತೆರಡು ಲಕ್ಷ ಹೆಸರು. ಇಷ್ಟು ವರ್ಷದಲ್ಲಿ ಸಾವಿರದ ನೂರ ನಲವತ್ತು ಜೋಡಿ ಸಾಲು ಸುರಿದಿದ್ದೇನೆ. ಒಂದೂ ಕೆಳಗೆ ಬೀಳಲಿಲ್ಲ. ತೀರ ಹತ್ತಿರ ಹೋದದ್ದು ಇದು:

ಬಾಗಿಲಿಗೆ ಬಂದ ಬಿಸಿಲಿಗೆ ಬೀಗ ಹಾಕಲೆ?
ಕಿಟಕಿಗೆ ಬಂದು ಕೇಳದೆ ಬಿಟ್ಟೀತೆ, ಯಾಕಲೆ?

ಇದಕ್ಕೆ ಮೂರೇ ಮೂರು ಬೇರು. ಮೂರರಲ್ಲಿ ಒಂದು ಪರದೆ ಅಂಗಡಿಯ ಜಾಹೀರಾತು. ಆದರೂ ಮೂರೇ ಎಂದು ಆ ಪಟ್ಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗಿದ್ದೇನೆ. ಮನೆಗೆ ಬಂದವರು ಯಾರೋ ಹಿರಿಯರ ಭಾವಚಿತ್ರವೆಂದು ಕೈಮುಗಿಯುತ್ತಾರೆ. ನಾನು ತಡೆಯುವುದಿಲ್ಲ.

ನನ್ನ ಪಕ್ಕದ ಜರಡಿಯಲ್ಲಿ ಕೂರುವವಳು ದ್ಯಾಮವ್ವ ತಳವಾರ. ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ಮೇಲ್ಬಾಯಿ ಯಾವುದು, ತಟ್ಟೆ ಯಾವುದು ಎಂದು ಅವಳಿಗೆ ಕೈಹಿಡಿದು ಕಲಿಸಿದವನು ನಾನು. ಅವಳಿಗೆ ಸಾಲು ಕಟ್ಟುವ ಗೊಡವೆಯಿಲ್ಲ, ಪ್ರಾಸ ಎಂದರೆ ಆಕಳಿಕೆ. ಈ ವರ್ಷದ ಜನವರಿಯಲ್ಲಿ ಅವಳು ತಾಯಿಯನ್ನು ನೋಡಿಕೊಂಡು ಬರಲು ಎರಡು ದಿನದ ರಜೆ ಚೀಟಿ ಬರೆದಳು. ರಜೆ ಚೀಟಿಗೂ ಜರಡಿ ತಪ್ಪಿದ್ದಲ್ಲ. ಎಲ್ಲರೂ ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಶುರುಮಾಡುತ್ತಾರೆ, ಅದರ ಬೇರುಪಟ್ಟಿ ಕಚೇರಿಯಲ್ಲೇ ಗಂಟು ಕಟ್ಟಿ ಇಟ್ಟಿರುತ್ತದೆ, ಒಂದು ಪ್ರತಿ ಹರಿದು ಕೊಟ್ಟರಾಯಿತು. ಇವಳಿಗೆ ಅವತ್ತು ಬಸ್ಸಿಗೆ ಅವಸರವಿತ್ತು. ರಜೆ ಯಾಕೆ ಬೇಕು ಎಂಬುದನ್ನು ಒಂದೇ ಸಾಲಿನಲ್ಲಿ ತನಗೆ ತೋಚಿದಂತೆ ಬರೆದು ಸುರಿದಳು. ಹನ್ನೊಂದು ಪದ. ಅದರಲ್ಲಿ ಒಂದು ಹಂಚು ಬರುತ್ತದೆ, ರೊಟ್ಟಿ ಬೇಯಿಸುವ ಹಂಚು. ಪ್ರಾಸ ಇಲ್ಲ. ಟಪ್ ಎಂದು ಕೆಳಗೆ ಬಿತ್ತು. ಇಡೀ ಸಾಲು, ಒಂದು ಅಕ್ಷರವೂ ಮೇಲೆ ನಿಲ್ಲದೆ. ಆ ಸದ್ದನ್ನು ನಾನು ನನ್ನ ಕಿವಿಯಿಂದ ಕೇಳಿದೆ. ಹತ್ತೊಂಬತ್ತು ವರ್ಷ ಕಾದಿದ್ದ ಸದ್ದು ಪಕ್ಕದ ಮೇಜಿನಿಂದ ಬಂತು.

ಹಾಗೆ ಬಿದ್ದ ಬರಹಕ್ಕೆ ಬಿಳಿಚೀಟಿ ಕೊಡುತ್ತಾರೆ. ಬೇರುಪಟ್ಟಿಯ ಜಾಗದಲ್ಲಿ ಒಂದು ಖಾಲಿ ಬಿಳಿ ಹಾಳೆ, ಅಷ್ಟೆ. ಗದಗಿನಲ್ಲಿ ಇದಕ್ಕೆ ಮೊದಲು ಬಿಳಿಚೀಟಿ ಸಿಕ್ಕದ್ದು ಅರವತ್ತೊಂದು ವರ್ಷದ ಹಿಂದೆ, ಸೈಕಲ್ ರಿಪೇರಿಯವನೊಬ್ಬನಿಗೆ. ಬಿಳಿಚೀಟಿ ಸಿಕ್ಕ ಸಾಲನ್ನು ನಲವತ್ತನೆಯ ದಿನ ಊರ ನಡುವಿನ ವೃತ್ತದಲ್ಲಿ ಓದುತ್ತಾರೆ. ಅದಕ್ಕಿಂತ ದೊಡ್ಡದು, ಬರೆದವರಿಗೆ ಜೀವನಪೂರ್ತಿ ಜರಡಿ ಮಾಫಿ. ಆಮೇಲೆ ಅವರು ಏನು ಬರೆದರೂ ಯಾರೂ ಬೇರು ಕೇಳುವಂತಿಲ್ಲ. ಆದರೆ ಮೊದಲ ನಲವತ್ತು ದಿನ ತಕರಾರಿಗೆ ಬಿಟ್ಟಿರುತ್ತಾರೆ. ಅಷ್ಟರೊಳಗೆ ಯಾರಾದರೂ ಆ ಸಾಲಿನ ಹಳೆಯ ಪ್ರತಿಯೊಂದನ್ನು ತಂದು ತೋರಿಸಿದರೆ ಬಿಳಿಚೀಟಿಯನ್ನು ಅದೇ ವೃತ್ತದಲ್ಲಿ ನಿಂತು ಹರಿಯುತ್ತಾರೆ. ದ್ಯಾಮವ್ವನ ಚೀಟಿಗೆ ಇಂದು ಮೂವತ್ತೊಂಬತ್ತನೆಯ ದಿನ.

ನಾನು ಮುಚ್ಚಿಡುವುದಿಲ್ಲ, ನನಗೆ ಹೊಟ್ಟೆಕಿಚ್ಚು. ಎಂಥದ್ದು ಎನ್ನುತ್ತೀರಿ? ಚಹಾದಂಗಡಿಯ ಮಾಬುಸಾಬ ಹತ್ತೊಂಬತ್ತು ವರ್ಷ ಮೊದಲ ಕಪ್ಪು ನನ್ನ ಮುಂದೆ ಇಡುತ್ತಿದ್ದವನು, ಆ ದಿನದಿಂದ ಅವಳ ಮುಂದೆ ಇಡತೊಡಗಿದ. ಅವಳು ಅದನ್ನು ನನ್ನ ಕಡೆಗೆ ಸರಿಸಿದಳು. ಅದು ಇನ್ನೂ ಕೆಟ್ಟದ್ದು. ಸರಿಸಿ ಬಂದ ಚಹಾ ಕುಡಿದವನಿಗೇ ಗೊತ್ತು ಅದರ ಕಹಿ. ಅವತ್ತು ನಾನು ಕಟ್ಟಿದ ಸಾಲು:

ಅವಳ ಒಲೆಯಲ್ಲಿ ಉರಿದದ್ದು ಒಂದೇ ಒಂದು ಕಟ್ಟಿಗೆ;
ಹೊಗೆ ತಟ್ಟಿದ್ದು ನನಗೆ ಕಣ್ಣಿಗಲ್ಲ, ಹೊಟ್ಟೆಗೆ.

ಸುರಿದು ನೋಡಿದೆ. ಒಂಬತ್ತು ಸಾವಿರ ಬೇರು. ಹೊಟ್ಟೆಕಿಚ್ಚೂ ನನ್ನ ಸ್ವಂತದ್ದಲ್ಲವೆಂದು ಅವತ್ತು ತಿಳಿಯಿತು.

ಅಂದಿನಿಂದ ಅವಳ ಸಾಲಿನ ಬೇರು ಹುಡುಕಲು ಕೂತೆ. ಯಂತ್ರಕ್ಕೆ ಸಿಗದ್ದು ಮನುಷ್ಯನಿಗೆ ಸಿಗುವ ಜಾಗ ಒಂದಿದೆ, ಅದು ನಮ್ಮ ಕಚೇರಿಯ ಹಿತ್ತಲ ಕೋಣೆ. ನಿಮ್ಮ ಕಾಲದವರು ಬೆಳಗಾದರೆ ಗುಲಾಬಿ, ದೀಪ, ಗಿಳಿಗಳ ಚಿತ್ರದ ಮೇಲೆ ಮಾತು ಬರೆದು ಒಬ್ಬರಿಗೊಬ್ಬರು ಕಳಿಸುತ್ತಿದ್ದಿರಲ್ಲ, ಅದೆಲ್ಲ ಅಲ್ಲಿದೆ. ಜರಡಿ ಗುಲಾಬಿಯನ್ನು ಓದಲು ಹೋಗಿ ಅಕ್ಷರ ಬಿಟ್ಟುಬಿಡುತ್ತದೆ. ಹೀಗಾಗಿ ಯಾರೂ ತೂರದೆ ರಾಶಿ ಬಿದ್ದಿದೆ. ನಾವದನ್ನು ಶುಭೋದಯದ ಗುಡ್ಡ ಎನ್ನುತ್ತೇವೆ. ಮೂವತ್ತಾರು ದಿನ ನಾನು ಆ ಗುಡ್ಡ ಹತ್ತಿದೆ. ದಿನಕ್ಕೆ ನಾಲ್ಕು ಸಾವಿರ ಮುಂಜಾವು ನೋಡಿದೆ. ನನ್ನ ಹೆಂಡತಿ ಶಿವಲೀಲಾ ಬುತ್ತಿ ಕಟ್ಟುತ್ತ ದಿನಾ ಒಂದೇ ಮಾತು ಕುಟ್ಟಿದಳು: “ಆಕಿ ಸಾಲಿಗೆ ಅಪ್ಪನ್ನ ಹುಡುಕೋದು ಬಿಟ್ಟು ನಿಮ್ಮದೊಂದು ಹಡೀರಿ ನೋಡೋಣ. ಹತ್ತೊಂಬತ್ತು ವರ್ಷ ಆತು, ಬರೇ ಬ್ಯಾನಿ ತಿನ್ನಾಕತ್ತೀರಿ.” ಬಾಯಿಗೆ ಜರಡಿ ಇಲ್ಲ ಎಂದೆನಲ್ಲ, ಇದು ಅದರ ಇನ್ನೊಂದು ಮುಖ.

ಗುಡ್ಡದಲ್ಲಿ ಅವಳ ಸಾಲು ಸಿಗಲಿಲ್ಲ. ಆದರೆ ಅಲ್ಲಿ ಕೂತು ನನಗೆ ನಿಮ್ಮೆಲ್ಲರ ಮೇಲೂ ಹೊಟ್ಟೆಕಿಚ್ಚು ಹತ್ತಿತು. ಎಂಥ ಸುಖ ನಿಮ್ಮದು! ಒಂದೇ ಒಂದು ತಾಯಿಯ ಮೇಲಿನ ಕವನವನ್ನು ಹಿಡಿದು ಹಿಂದಕ್ಕೆ ಹೋದೆ. ಅದಕ್ಕೆ ಇನ್ನೂರ ಹನ್ನೆರಡು ಮಂದಿ ಕವಿಗಳು. ಒಬ್ಬರ ಹೆಸರು ಅಳಿಸಿ ಇನ್ನೊಬ್ಬರು, ಅವರದನ್ನು ಅಳಿಸಿ ಮತ್ತೊಬ್ಬರು. ಒಬ್ಬ ಪುಣ್ಯಾತ್ಮ ‘ರಚನೆ: ನಾನೇ’ ಎಂದು ಹಾಕಿ, ಕೆಳಗಿನ ‘ಹುಬ್ಬಳ್ಳಿ ಮಾವ ಕಳಿಸಿದ್ದು’ ಎಂಬುದನ್ನು ಅಳಿಸಲು ಮರೆತಿದ್ದ. ಅವನ ಕೆಳಗೆ ನಲವತ್ತು ಜನ ‘ಅದ್ಭುತ ಸರ್’ ಎಂದಿದ್ದರು, ಆ ನಲವತ್ತರಲ್ಲಿ ಹುಬ್ಬಳ್ಳಿ ಮಾವನೂ ಇದ್ದ. ನಾನು ಒಂದು ಬಿಸಿಲಿಗೆ ಬೀಗ ಹಾಕಲು ಹತ್ತೊಂಬತ್ತು ವರ್ಷ ಒದ್ದಾಡುತ್ತೇನೆ, ನೀವು ಇಡೀ ತಾಯಿಯನ್ನೇ ಹೊತ್ತೊಯ್ದು ಚಪ್ಪಾಳೆ ತಟ್ಟಿಸಿಕೊಳ್ಳುತ್ತೀರಿ.

ಆ ಗುಡ್ಡದಲ್ಲೇ ನೀವು ಸಿಕ್ಕಿರಿ, ಗುರುಶಾಂತಪ್ಪನವರೆ. ಕನ್ನಡಕದ ಅಂಗಡಿ ಇಟ್ಟುಕೊಂಡೂ ಬಂದದ್ದನ್ನು ಒಂದು ಸಲವೂ ಓದದ ಮನುಷ್ಯ ನಿಮ್ಮಂಥವರು ಇನ್ನೊಬ್ಬರು ಸಿಗಲಿಲ್ಲ. ನಿಮಗೆ ಏನು ಬಂದರೂ ನಾಲ್ಕು ನಿಮಿಷದೊಳಗೆ ಮೂವತ್ತೊಂದು ಗುಂಪಿಗೆ ಕಳಿಸಿದ್ದೀರಿ. ಮಧುಮೇಹಕ್ಕೆ ಮದ್ದು, ಸತ್ತವರ ಸುದ್ದಿ, ಬದುಕಿದ್ದವರ ಸಾವಿನ ಸುದ್ದಿ, ಕಳೆದ ವರ್ಷದ ಗ್ರಹಣದ ಎಚ್ಚರಿಕೆ. ಒಟ್ಟು ಅರವತ್ತೊಂದು ಸಾವಿರ. ಎಲ್ಲದರ ಕೆಳಗೂ ‘ಗುರುಶಾಂತಪ್ಪ ಅಸೂಟಿ, ಗದಗ’ ಎಂದು ಹಚ್ಚಿದ್ದೀರಿ, ಇಸ್ತ್ರಿ ಅಂಗಡಿಯವನು ಊರವರ ಅಂಗಿಗೆಲ್ಲ ತನ್ನ ಗುರುತು ಹಾಕಿದ ಹಾಗೆ. ನಿಮ್ಮನ್ನು ಕಂಡಾಗ ನನಗೆ ದಾರಿ ಹೊಳೆಯಿತು. ಸಿಗದ ಬೇರನ್ನು ನೆಟ್ಟುಬಿಡಬಹುದಲ್ಲ!

ನಮ್ಮಲ್ಲಿ ಹಿಂದಂಚೆ ಎಂಬುದೊಂದಿದೆ. ಜೀವನದಲ್ಲಿ ಒಂದು ಸಲ, ಒಬ್ಬರಿಗೆ, ಹಿಂದಿನ ಕಾಲಕ್ಕೆ ಒಂದು ಕಾಗದ ಕಳಿಸಬಹುದು. ಅದು ಹೇಗೆ ತಲುಪುತ್ತದೆ ಎಂದು ಕೇಳಬೇಡಿ, ಮುಂದಿನ ಓಣಿಗೆ ಹಾಕಿದ ಕಾಗದ ಹೇಗೆ ತಲುಪುತ್ತದೆ ಎಂಬುದೇ ನನಗೆ ತಿಳಿಯದು. ಹೆಚ್ಚಿನವರು ಅದನ್ನು ಮುತ್ತಜ್ಜಿ ಬದನೆಯ ಎಣಗಾಯಿ ಹೇಗೆ ಮಾಡುತ್ತಿದ್ದಳು ಎಂದು ಕೇಳಲೋ, ಹೊಲ ಮಾರಿದ ಮುತ್ತಜ್ಜನನ್ನು ಬಯ್ಯಲೋ ಬಳಸಿಕೊಳ್ಳುತ್ತಾರೆ. ನಿಮಗೆ ಇದು ಫೋನಿನಲ್ಲಿ ಒಂದು ಉದ್ದನೆಯ ಸಂದೇಶವಾಗಿ ಬರುತ್ತದೆ. ಹಿಂದಂಚೆಗೆ ಜರಡಿ ಇಲ್ಲ, ಯಾಕೆಂದರೆ ಅದು ಇಳಿಯುವುದು ಜರಡಿಯೇ ಇಲ್ಲದ ನಿಮ್ಮ ಕಾಲದಲ್ಲಿ. ಆದರೆ ಅಲ್ಲಿ ಇಳಿದು ನಾಲ್ಕು ಜನರ ಕೈಗೆ ಹೋದ ಕೂಡಲೇ ಅದರೊಳಗಿನ ಪ್ರತಿ ಮಾತೂ ನಮ್ಮ ಯಂತ್ರದಲ್ಲಿ ಇನ್ನೂರು ವರ್ಷದ ಹಳೆಯ ಬೇರಾಗಿ ಕಾಣಿಸಿಕೊಳ್ಳುತ್ತದೆ. ಅರ್ಥವಾಯಿತಲ್ಲ? ಈ ಕಾಗದದಲ್ಲಿ ನಾನು ದ್ಯಾಮವ್ವನ ಆ ಹನ್ನೊಂದು ಪದ ಬರೆದರೆ ಸಾಕು. ನೀವು ಓದದೆ ಮೂವತ್ತೊಂದು ಗುಂಪಿಗೆ ಕಳಿಸುತ್ತೀರಿ. ನಾಳೆ ಬೆಳಿಗ್ಗೆ ನಾನು ಅವಳ ಸಾಲನ್ನು ಮತ್ತೆ ಜರಡಿಗೆ ಸುರಿದರೆ ಅದು ಮೇಲೆ ನಿಲ್ಲುತ್ತದೆ. ಬೇರು: ಗುರುಶಾಂತಪ್ಪ ಅಸೂಟಿ, ಗದಗ. ಬಿಳಿಚೀಟಿ ಹರಿಯುತ್ತಾರೆ. ನೀವು ಇದನ್ನು ಓದುವುದಿಲ್ಲ ಎಂಬ ಧೈರ್ಯದ ಮೇಲೆಯೇ ಇಷ್ಟು ನಿಜ ಬರೆಯುತ್ತಿದ್ದೇನೆ.

ಒಂದು ವಿಧಿ ಬಾಕಿಯಿತ್ತು. ನಮ್ಮಲ್ಲಿ ತಕರಾರು ಹಾಕುವವನು ಮೊದಲು ಬಿಳಿಚೀಟಿ ಪಡೆದವರ ಮನೆಗೆ ಹೋಗಿ, ಎದುರು ಕೂತು, ಒಂದು ಹೊತ್ತು ಉಣ್ಣಬೇಕು. ಮೊದಲೆಲ್ಲ ಜನ ಹೆಸರಿಲ್ಲದೆ ತಕರಾರು ಬರೆದು ಒಗೆದು ಹೋಗುತ್ತಿದ್ದರಂತೆ. ಉಪ್ಪು ತಿಂದವನು ಸುಳ್ಳು ಹೇಳಲಾರ ಎಂದು ಯಾರೋ ಹಳಬರು ಈ ಕಟ್ಟಳೆ ಹಾಕಿದರು. ಉಪ್ಪಿನ ಮೇಲೆ ಅವರಿಗೆ ಅಷ್ಟು ನಂಬಿಕೆ. ನಿನ್ನೆ ಮಧ್ಯಾಹ್ನ ನಾನು ಬೆಟಗೇರಿಯಲ್ಲಿರುವ ಅವಳ ಮನೆಗೆ ಹೋದೆ. ಕಟ್ಟಳೆ ಗೊತ್ತಿದ್ದವಳಾದ್ದರಿಂದ ನನ್ನನ್ನು ಬಾಗಿಲಲ್ಲಿ ಕಂಡ ಕೂಡಲೇ ಯಾಕೆ ಬಂದೆನೆಂದು ಅವಳಿಗೆ ತಿಳಿಯಿತು. “ಬರ್ರಿ ಸರ, ಕೈಕಾಲು ತೊಳಕೋರಿ. ನೀರು ಜರಾ ನೋಡಿ ಬಳಸ್ರಿ, ನಲ್ಲಿ ಬಂದು ನಾಕು ದಿನಾ ಆತು” ಎಂದಳು. ಅಷ್ಟೆ.

ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಮೊಸರು. ಮೊದಲ ರೊಟ್ಟಿ ಮುಗಿಸಿದೆ. ಆಮೇಲೆ ಅವಳೇ ಕೇಳಿದಳು.

“ಬೇರು ಸಿಕ್ತೇನ್ರಿ ಸರ?”

“ಇನ್ನೂ ಇಲ್ಲವಾ. ಸಿಗತೈತಿ.”

“ಸಿಕ್ಕರ ಛಲೋನ ಆತು ಬಿಡ್ರಿ. ನನಗೂ ಒಂದೊಂದ್ ಸಲ ಅನುಮಾನ, ಎಲ್ಲೋ ಓದಿದ್ದ ಬರದೀನೇನೋ ಅಂತ. ನಿಮ್ಮಂಥಾವರಿಗೇ ಬೀಳದ್ದು ನನಗ್ಹೆಂಗ ಬಿತ್ತು?”

ಅವಳು ಅದನ್ನು ಕೊಂಕಿಗಾಗಿ ಹೇಳಲಿಲ್ಲ. ನಿಜವಾಗಿಯೂ ಬೆರಗಿನಿಂದ ಹೇಳಿದಳು. ಕೊಂಕಾಗಿದ್ದರೆ ನನಗೆ ನುಂಗಲು ಸುಲಭವಿತ್ತು. ಎರಡನೆಯ ರೊಟ್ಟಿ ಹಾಕಿದಳು. ಬಿಳಿಚೀಟಿ ಖಾಯಂ ಆದರೆ, ಮಾಫಿ ಸಿಕ್ಕರೆ, ಮೊದಲು ಏನು ಬರೆಯುತ್ತೀ ಎಂದು ಕೇಳಿದೆ. ಕವನವೋ, ಕಾದಂಬರಿಯೋ ಎಂದರೆ ತಕರಾರು ಹಾಕಲು ನನಗೂ ಒಂದು ಹುರುಪು ಬರುತ್ತಿತ್ತು.

“ಅವ್ವಗ ಒಂದು ಚೀಟಿ ಬರೀತೇನ್ರಿ, ‘ಯವ್ವಾ, ಉಂಡ್ಯಾ?’ ಅಂತ.”

“ಮತ್ತ?”

“ಮತ್ತೇನಿಲ್ಲ. ಅಷ್ಟ.”

ನಾನು ನಕ್ಕೆ. ಹತ್ತೊಂಬತ್ತು ವರ್ಷದ ಅನುಭವದಿಂದ ನಕ್ಕೆ. ‘ಉಂಡ್ಯಾ’ ಎಂಬುದು ಇಡೀ ಜರಡಿಯಲ್ಲೇ ಅತಿ ಹೆಚ್ಚು ಬೇರಿರುವ ಮಾತು, ಅದರ ಪಟ್ಟಿಯನ್ನು ನಾವು ತೂಕ ಹಾಕುತ್ತೇವೆ, ಎಣಿಸುವುದಿಲ್ಲ. ಅವಳು ನಗಲಿಲ್ಲ. ಒಲೆಯ ಕಡೆ ತಿರುಗಿ ರೊಟ್ಟಿ ಬಡಿಯುತ್ತ ಹೇಳಿದಳು. ಅವಳ ತಾಯಿ ಮುಂಡರ್ಗಿಯಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. ಕಿವಿ ಪೂರಾ ಹೋಗಿವೆ, ಮಾತಾಡಿದರೆ ಕೇಳುವುದಿಲ್ಲ, ಬರೆದೇ ತಿಳಿಸಬೇಕು. ಓದುತ್ತಾಳೆ, ಬೆರಳಿಟ್ಟು ನಿಧಾನವಾಗಿ. “ಆದರ ಸರ, ಆಕಿ ಬೇರುಪಟ್ಟಿ ಸೈತ ಓದತಾಳ. ನಡುವ ಒಂದ ಹೆಸರು ಬಿಡಾಂಗಿಲ್ಲ. ಯಾಕಬೇ ಅಂತ ಕೇಳಿ ಬರದ್ರ, ಇಷ್ಟು ಮಂದಿ ನಾ ಉಂಡೆನೋ ಇಲ್ಲೋ ಅಂತ ಕೇಳ್ಯಾರ, ಹೆಸರಾದ್ರೂ ಓದಬ್ಯಾಡೇನು ಅಂತಾಳ. ಹೋದ ವರ್ಷ ಡಾಕ್ಟರು, ಕಣ್ಣು ಇನ್ನ ಸ್ವಲ್ಪ ಉಳದಾವು, ದಣಿಸಬ್ಯಾಡ್ರಿ ಅಂದ್ರು. ಅವತ್ತಿಂದ ನಾ ಚೀಟಿ ಬರಿಯೋದ ಬಿಟ್ಟೀನ್ರಿ.”

ನಾನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದೆ. ಆ ಪಟ್ಟಿಗಳಲ್ಲಿ ಅರ್ಧದಷ್ಟನ್ನು ಹೊಲಿದು ಕೊಟ್ಟವನು ನಾನೇ. ‘ಪಟ್ಟಿ ಸ್ವಲ್ಪ ಸಣ್ಣದು ಮಾಡ್ರಿ ಸರ’ ಎಂದು ಅವಳು ಒಂದು ಸಲ ಕೇಳಿದ್ದಳು. ನಿಯಮ ನಿಯಮವೇ ಎಂದು, ಬಿಟ್ಟುಹೋಗಿದ್ದ ಇನ್ನೂ ಎಂಟು ಹೆಸರು ಹುಡುಕಿ ಸೇರಿಸಿದ್ದೆ.

“ಒಂದ ಹೆಸರು ಮಾತ್ರ ಆಕಿಗೆ ಭಾಳ ನೆನಪೈತ್ರಿ,” ಎಂದಳು ದ್ಯಾಮವ್ವ. “ಯಾವ ಪಟ್ಟೀ ತಗದ್ರೂ ಅವರ ಇರತಾರ. ‘ಯಾರವಾ ಈ ಅಸೂಟಿ ಅವರು? ಪಾಪ, ನಮ್ಮ ಸಂಬಂಧಿಕರಲ್ಲ ಏನಲ್ಲ, ಪ್ರತೀ ಸಲ ಕೇಳತಾರ. ಒಮ್ಮೆ ಅವರಿಗೂ ನಾ ಆರಾಮದೀನಿ ಅಂತ ತಿಳಸು’ ಅಂತ ಬರದಿದ್ಲು.” ನನ್ನ ಎಲೆಗೆ ಮೂರನೆಯ ರೊಟ್ಟಿ ಬಿತ್ತು. ಸಾಕು ಎಂದೆ. “ಹಾಕಿಸ್ಕೋರಿ. ಅರ್ಧ ಹೊಟ್ಟೀಲೆ ತಕರಾರು ಹಾಕಬಾರದು” ಎಂದಳು.

ಗುರುಶಾಂತಪ್ಪನವರೆ, ಅಸೂಟಿಯವರು ಯಾರೆಂದು ನನಗೆ ಗೊತ್ತಿತ್ತು. ಆದರೆ ಅವಳಿಗೆ ಹೇಳುವ ಧೈರ್ಯವಾಗಲಿಲ್ಲ. ಹೇಗೆ ಗೊತ್ತು ಎಂದರೆ ಏನೆನ್ನಲಿ? ಉಂಡು, ಕೈ ತೊಳೆದು, ಗುಡ್ಡದ ಕೋಣೆಗೆ ಹೋಗಿ ಸಂಜೆಯ ತನಕ ನಿಮ್ಮ ಅರವತ್ತೊಂದು ಸಾವಿರದೊಳಗೆ ಮತ್ತೆ ಕೈಯಾಡಿಸಿದೆ. ಬೇರೆಯವರಿಂದ ಎತ್ತದ್ದು ಒಂದಾದರೂ ಇದೆಯೋ ನೋಡೋಣ ಎಂದು. ಇತ್ತು, ಒಂದೇ ಒಂದು. ಒಂದು ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಹಳೆಯ ಗುಲಾಬಿಯೊಂದರ ಮೇಲೆ ನೀವೇ ಒತ್ತಿ ಬರೆದದ್ದು:

‘ಮೂರು ತಾಸು ಆತು ಯಾರೂ ಹೂವು ಕಳಿಸಿಲ್ಲ. ಎಲ್ಲಾರೂ ಆರಾಮ ಅದೀರೇನು. ನಮ್ಮನಿ ನಲ್ಲಿ ಬಂದೈತಿ.’

ಅದೊಂದರ ಕೆಳಗೆ ನೀವು ಹೆಸರು ಹಾಕಿರಲಿಲ್ಲ. ಜರಡಿಗೆ ಸುರಿದೆ. ಟಪ್ ಎಂದಿತು. ಇಡಿಯಾಗಿ ಕೆಳಗೆ. ನಲವತ್ತು ದಿನದಲ್ಲಿ ಆ ಸದ್ದು ಎರಡನೆಯ ಸಲ, ಎರಡೂ ಸಲ ಬೇರೆಯವರದ್ದು. ನನ್ನ ಹೊಟ್ಟೆಯೊಳಗೆ ಮತ್ತೊಂದು ಒಲೆ ಹೊತ್ತಿತು. ಬದುಕಿನಲ್ಲಿ ಒಂದೇ ಒಂದು ಸಲ ಸ್ವಂತ ಬರೆದ ಮನುಷ್ಯನಿಗೂ ಬಿಳಿಚೀಟಿ! ಅದೂ ನಲ್ಲಿ ನೀರಿನ ವಿಷಯಕ್ಕೆ! ಆ ಹೊತ್ತಿನಲ್ಲಿ ನೀವು ಎದುರಿಗೆ ಸಿಕ್ಕಿದ್ದರೆ ನಿಮ್ಮ ಕನ್ನಡಕ ಕಸಿದುಕೊಳ್ಳುತ್ತಿದ್ದೆ.

ಇವತ್ತು ಬೆಳಗಿನಿಂದ ಈ ಹಾಳೆ ಮುಂದಿಟ್ಟುಕೊಂಡು ಕೂತಿದ್ದೇನೆ. ಆ ಹನ್ನೊಂದು ಪದ ನನಗೆ ಬಾಯಿಪಾಠವಿದೆ. ನನ್ನ ಸಾವಿರದ ನೂರ ನಲವತ್ತರಲ್ಲಿ ಒಂದೂ ಹೀಗೆ ಬಾಯಿಗೆ ಹತ್ತಿರಲಿಲ್ಲ. ಮೂರು ಕಡೆ ಬರೆಯಲು ಜಾಗ ಮಾಡಿಕೊಂಡೆ. ರಜೆ ಚೀಟಿಯ ವಿಷಯ ಹೇಳುವಾಗ ಒಮ್ಮೆ, ಹಿಂದಂಚೆಯ ವಿಷಯ ಬಂದಾಗ ಒಮ್ಮೆ, ಮೂರನೆಯ ರೊಟ್ಟಿಯ ಹತ್ತಿರ ಇನ್ನೊಮ್ಮೆ. ಪ್ರತಿ ಸಲವೂ ‘ಹಂಚು’ ಎಂಬ ಪದದ ಸುತ್ತ ಒಂದು ಸುತ್ತು ಬಂದು ದಾಟಿಕೊಂಡೆ. ಹಾಳೆ ಮುಗಿಯುತ್ತ ಬಂತು. ಅಂಚೆ ಐದಕ್ಕೆ ಹೋಗುತ್ತದೆ, ಪಕ್ಕದ ಮೇಜಿನಲ್ಲಿ ದ್ಯಾಮವ್ವ ಯಾರದೋ ಲಗ್ನಪತ್ರಿಕೆ ಸುರಿಯುತ್ತಿದ್ದಾಳೆ, ಏನು ಬರೆಯುತ್ತಿದ್ದೀರಿ ಎಂದು ಒಂದು ಸಲವೂ ಕೇಳಲಿಲ್ಲ.

ಬರೆಯುವುದಿಲ್ಲ. ನಾನು ದೊಡ್ಡ ಮನುಷ್ಯನಾದೆ ಎಂದು ತಿಳಿಯಬೇಡಿ. ಹೊಟ್ಟೆಕಿಚ್ಚು ಆರಿಲ್ಲ, ನಾಳೆ ವೃತ್ತದಲ್ಲಿ ಅವಳ ಸಾಲು ಓದುವಾಗ ನಾನು ಹಿಂದಿನ ಸಾಲಿನಲ್ಲಿ ನಿಂತು, ಅದನ್ನು ಇಷ್ಟು ಚೆನ್ನಾಗಿ ಯಾಕೆ ಬರೆದಳೋ ಎಂದು ಕುದಿಯುವವನೇ. ಆದರೆ ಹೊಟ್ಟೆ ಇರುವುದು ಒಂದೇ. ಕಿಚ್ಚೂ ಅದರಲ್ಲೇ, ಅವಳ ಮೂರು ರೊಟ್ಟಿಯೂ ಅದರಲ್ಲೇ. ಆ ಹಳಬರು ಉಪ್ಪನ್ನು ನಂಬಿದ್ದು ತಪ್ಪಲ್ಲವೇನೋ.

ಇಷ್ಟು ಉದ್ದದ ಕಾಗದವನ್ನು ನೀವು ಓದದೆ ನಾಲ್ಕು ನಿಮಿಷದಲ್ಲಿ ಮುಂದೆ ಕಳಿಸುತ್ತೀರಿ. ಕಳಿಸಿರಿ. ಕೆಳಗೆ ನಿಮ್ಮ ಹೆಸರನ್ನೇ ಹಚ್ಚಿರಿ, ನನ್ನ ಬಿಸಿಲು–ಬೀಗದ ಜೋಡಿ ಸಾಲೂ ನಿಮ್ಮದಾಗಲಿ, ಪರದೆ ಅಂಗಡಿಯವನಿಗೆ ಒಬ್ಬ ಜೊತೆ ಸಿಕ್ಕಂತಾಯಿತು. ಒಂದು ವಿನಂತಿ ಮಾತ್ರ. ಮುಂದೆ ಯಾರದಾದರೂ ಮಾತು ಎತ್ತಿ ನಿಮ್ಮ ಹೆಸರು ಹಾಕುವಾಗ, ಅದು ಒಂದು ದಿನ ಮುಂಡರ್ಗಿಯಲ್ಲಿ ಬೆರಳಿಟ್ಟು ಓದುವ ಮುದುಕಿಯ ಕಣ್ಣ ಕೆಳಗೆ ಹಾಯುತ್ತದೆ ಎಂದು ನೆನಪಿಡಿ. ಒಂದು ಹೆಸರು ಕಡಿಮೆಯಾದರೆ ಅವಳ ಕಣ್ಣಿಗೆ ಒಂದು ಗಳಿಗೆ ಜಾಸ್ತಿ.

ಇನ್ನೊಂದು ವಿಷಯ. ಆ ಮಂಗಳವಾರದ ನಿಮ್ಮ ಪ್ರಶ್ನೆಯ ಕೆಳಗೆ ನಾನು ಹುಡುಕಿ ನೋಡಿದೆ. ಮೂವತ್ತೊಂದು ಗುಂಪಿನಲ್ಲಿ ಒಬ್ಬರೂ ಉತ್ತರ ಬರೆದಿರಲಿಲ್ಲ. ಹನ್ನೊಂದು ಗಂಟೆಗೆ ಯಾರೋ ಒಂದು ಗಿಳಿ ಕಳಿಸಿದ್ದರು, ನೀವು ಅದನ್ನು ಮುಂದೆ ಕಳಿಸಿದ್ದಿರಿ. ಹೀಗಾಗಿ ನನ್ನ ಜೀವನದ ಒಂದೇ ಹಿಂದಂಚೆಯ ಕೊನೆಯ ಮೂರು ಸಾಲನ್ನು ಅದಕ್ಕೇ ಇಡುತ್ತಿದ್ದೇನೆ.

ಆರಾಮ ಅದೀವಿ ಗುರುಶಾಂತಪ್ಪನವರ.
ಮುಂಡರ್ಗಿ ಅವ್ವಾರೂ ಆರಾಮ ಅದಾರಂತ, ತಿಳಿಸು ಅಂದಾರ.
ನಮ್ಮನಿ ನಲ್ಲಿ ಇನ್ನೂ ಬಂದಿಲ್ಲ.

ಅಂದಾನಪ್ಪ ಹೊಂಬಳ